ಮಷೀನ್ ಯಾವುದೇ ಇರಲಿ, ಕೊಳೆ ಬಟ್ಟೆಗೆ ಮೊದಲು ಬಕೆಟ್ ಬೇಕು

ಹೊಸ ವಾಷಿಂಗ್ ಮಷೀನ್ ತೆಗೆದುಕೊಳ್ಳುವವರು ಯಾರೇ ಸಿಕ್ಕಿದರೂ ಕೇಳುವುದು ಒಂದೇ. ಫ್ರಂಟ್ ಲೋಡ್ ಒಳ್ಳೆಯದೋ, ಟಾಪ್ ಲೋಡ್ ಒಳ್ಳೆಯದೋ? ಆಫೀಸಿಗೆ ಹೋಗಿ ಬಂದ ಶರ್ಟು, ಮನೆಯಲ್ಲಿ ಹಾಕಿಕೊಂಡ ನೈಟಿ, ಟವೆಲ್ಲು, ಇಷ್ಟೇ ಆದರೆ ಯಾವುದಾದರೂ ನಡೆಯುತ್ತದೆ. ನಾನು ಬರೆಯಬೇಕು ಅಂದುಕೊಂಡಿದ್ದು ಬೇರೆ ಥರದ ಬಟ್ಟೆಗಳ ಬಗ್ಗೆ. ಗ್ರೀಸ್ ಮೆತ್ತಿದ ಗ್ಯಾರೇಜ್ ಪ್ಯಾಂಟು, ಕೆಮ್ಮಣ್ಣಿನಲ್ಲಿ ಬಿದ್ದೆದ್ದ ಫುಟ್‌ಬಾಲ್ ಜೆರ್ಸಿ, ಎಣ್ಣೆ ಮತ್ತು ಅರಿಶಿನ ಕುಡಿದ ಏಪ್ರನ್ನು.

ನಮ್ಮ ಕುಟುಂಬದಲ್ಲಿ ಈ ಮೂರಕ್ಕೂ ಬರವಿಲ್ಲ. ನಮ್ಮ ಯಜಮಾನರಿಗೆ ಸುಂಕದಕಟ್ಟೆ ಹತ್ತಿರ ಟೂ ವೀಲರ್ ಗ್ಯಾರೇಜ್ ಇದೆ. ಮಗ ಸಂಜೆಯಾದರೆ ಮೈದಾನದಲ್ಲಿರುತ್ತಾನೆ. ಅಕ್ಕ ವರ್ತೂರು ಕಡೆ ಅಪಾರ್ಟ್‌ಮೆಂಟಿನಲ್ಲಿದ್ದುಕೊಂಡು ಊಟದ ಆರ್ಡರ್ ತೆಗೆದುಕೊಳ್ಳುತ್ತಾಳೆ, ಹಬ್ಬ ಬಂದರೆ ಒಬ್ಬಟ್ಟು, ಬೇರೆ ದಿನ ಪುಳಿಯೋಗರೆ, ಪಲ್ಯ, ಸಾರು. ಅವಳ ಮನೆಯಲ್ಲಿ ಫ್ರಂಟ್ ಲೋಡ್. ನಮ್ಮ ಮನೆಯಲ್ಲಿ ಟಾಪ್ ಲೋಡ್. ಬಸವೇಶ್ವರನಗರದ ಅಮ್ಮನ ಮನೆಯಲ್ಲಿ ಇವತ್ತಿಗೂ ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್. ಮೂರರಲ್ಲೂ ಕೊಳೆ ಬಟ್ಟೆ ಒಗೆದು ನೋಡಿದ್ದೇನೆ. ನನಗೆ ತಿಳಿದುಬಂದಿದ್ದು ಇಷ್ಟು: ಪ್ರತಿ ಮಷೀನಿಗೂ ಏನೋ ಒಂದು ಕಡಿಮೆ ಇರುತ್ತದೆ. ಆ ಕಡಿಮೆ ಯಾವುದು ಅಂತ ಗೊತ್ತಿದ್ದರೆ ಅದನ್ನು ನಾವು ಕೈಯಿಂದ ತುಂಬಿಕೊಡಬಹುದು. ಗೊತ್ತಿಲ್ಲದಿದ್ದರೆ ಎಷ್ಟು ದುಬಾರಿ ಮಷೀನ್ ತಂದರೂ ಕಾಲರ್ ಕಪ್ಪಗೇ ಉಳಿಯುತ್ತದೆ.

ಬಟ್ಟೆ ಶುಚಿಯಾಗಲು ನಾಲ್ಕು ಬೇಕು. ಬಿಸಿ, ಸಮಯ, ಸೋಪು, ಮತ್ತೆ ತಿಕ್ಕಾಟ. ಜರ್ಮನಿಯ ಹೆಂಕೆಲ್ ಕಂಪನಿಯಲ್ಲಿದ್ದ ಹರ್ಬರ್ಟ್ ಸಿನ್ನರ್ ಎಂಬ ರಸಾಯನ ತಜ್ಞ 1959ರಲ್ಲಿ ಇದನ್ನು ಒಂದು ವೃತ್ತವಾಗಿ ಬರೆದು ತೋರಿಸಿದ. ನಾಲ್ಕರಲ್ಲಿ ಒಂದನ್ನು ಕಡಿಮೆ ಮಾಡಿದರೆ ಉಳಿದ ಮೂರರಲ್ಲಿ ಯಾವುದನ್ನಾದರೂ ಜಾಸ್ತಿ ಮಾಡಲೇಬೇಕು. ಬಿಸಿ ಇಲ್ಲದಿದ್ದರೆ ಹೆಚ್ಚು ಹೊತ್ತು ನೆನೆಯಬೇಕು. ಉಜ್ಜಲು ಆಗದಿದ್ದರೆ ಸೋಪು ಬಲವಾಗಿರಬೇಕು. ಅಷ್ಟೇ ಲೆಕ್ಕ.

ನಮ್ಮ ಮಡಿವಾಳರಿಗೆ ಈ ಲೆಕ್ಕ ಅದಕ್ಕೂ ಎಷ್ಟೋ ಮೊದಲಿಂದ ಗೊತ್ತಿತ್ತು ಅನ್ನುವುದು ನನಗೆ ಬಹಳ ಹೆಮ್ಮೆಯ ವಿಷಯ. ಬಟ್ಟೆಯನ್ನು ಚೌಳು ಮಣ್ಣಿನ ನೀರಿನಲ್ಲಿ ಅದ್ದುವುದು, ಆಮೇಲೆ ಉಬ್ಬೆ ಹಾಕಿ ಹಬೆಯಲ್ಲಿ ಬೇಯಿಸುವುದು, ಕೊನೆಗೆ ಬಂಡೆಗೆ ಬಡಿದು ಹರಿಯುವ ನೀರಿನಲ್ಲಿ ಜಾಲಿಸುವುದು. ಚೌಳು ಮಣ್ಣು ಕ್ಷಾರ, ಅಂದರೆ ಸೋಪಿನ ಕೆಲಸ. ಉಬ್ಬೆಯಲ್ಲಿ ಬಿಸಿ ಮತ್ತು ಸಮಯ ಎರಡೂ ಇವೆ. ಬಂಡೆ ತಿಕ್ಕಾಟಕ್ಕೆ. ನಾಲ್ಕೂ ಇವೆ ಅಲ್ವಾ? ಮಲ್ಲೇಶ್ವರದ ದೋಬಿ ಘಾಟಿನ ಕಡೆ ಹೋದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ. ಕೊಳೆ ಬಿಡಿಸುವ ವಿದ್ಯೆಯನ್ನು ಅಲ್ಲಿನವರಿಗೆ ಯಾವ ಮಷೀನ್ ಕಂಪನಿಯೂ ಕಲಿಸಬೇಕಾಗಿಲ್ಲ.

ಮಷೀನಿನ ಮಾತಿಗೆ ಮೊದಲು ನೀರಿನ ಮಾತು. ಬೆಂಗಳೂರಿನಲ್ಲಿ ಇದನ್ನು ಬಿಟ್ಟು ಬಟ್ಟೆಯ ಬಗ್ಗೆ ಮಾತಾಡಿದರೆ ಪ್ರಯೋಜನವಿಲ್ಲ. ಅಮ್ಮನ ಮನೆಯಲ್ಲಿ ಬೆಳ್ಳಗಾಗುವ ಬಟ್ಟೆ ಅಕ್ಕನ ಮನೆಯಲ್ಲಿ ಮಂಕಾಗಿರುತ್ತದೆ. ಅಮ್ಮನ ಮನೆಗೆ ಬರುವುದು ಕಾವೇರಿ ನೀರು, ತೊರೆಕಾಡನಹಳ್ಳಿಯಲ್ಲಿ ಶುದ್ಧಿಯಾಗಿ ನೂರು ಕಿಲೋಮೀಟರ್ ದೂರದಿಂದ ಪಂಪಾಗಿ ಬರುವಂಥದ್ದು. ಅಕ್ಕನ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ಮತ್ತು ಟ್ಯಾಂಕರ್. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು, ಹೊರವಲಯದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ಕೊಡುವ ಯೋಜನೆ. ಅಲ್ಲಿನ ಎಷ್ಟೋ ಸಂಪುಗಳಲ್ಲಿ ಈಗಲೂ ಎರಡು ಮೂರು ಕಡೆಯ ನೀರು ಬೆರೆತೇ ಇರುತ್ತದೆ.

ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ, ಇದನ್ನೇ ಗಡಸು ನೀರು ಅನ್ನುವುದು. ಸೋಪು ಕೊಳೆಯನ್ನು ಹಿಡಿಯುವ ಬದಲು ಮೊದಲು ಇವನ್ನು ಹಿಡಿದುಕೊಂಡು ಅಲ್ಲೇ ಖರ್ಚಾಗಿಬಿಡುತ್ತದೆ. ನೊರೆ ಬರುವುದಿಲ್ಲ ಅಂತ ನಾವು ಇನ್ನೊಂದು ಹಿಡಿ ಪುಡಿ ಸುರಿಯುತ್ತೇವೆ. ಅದು ಪೂರ್ತಿ ಜಾಲಿಸಿ ಹೋಗದೆ ಬಟ್ಟೆಯಲ್ಲೇ ಕೂತು ಟವೆಲ್ಲು ಹಪ್ಪಳದಂತೆ ಬಿರುಸಾಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದರೆ 600ರ ತನಕ ಒಪ್ಪಬಹುದು ಅಂತಿದೆ. ನಿಮ್ಮ ನೀರು ಹೇಗಿದೆ ಅಂತ ಅಂದಾಜಾಗಿ ತಿಳಿಯಲು ಮನೆಯಲ್ಲೇ ನೋಡಬಹುದು. ಒಂದು ಬಾಟಲಿಗೆ ಅರ್ಧ ನೀರು ಹಾಕಿ, ಮೈಗೆ ಹಚ್ಚುವ ಸಾಬೂನನ್ನು ಚೂರು ತುರಿದು ಹಾಕಿ, ಮುಚ್ಚಳ ಹಾಕಿ ಜೋರಾಗಿ ಅಲ್ಲಾಡಿಸಿ. ನೊರೆ ಗಟ್ಟಿಯಾಗಿ ನಿಂತು ಕೆಳಗಿನ ನೀರು ತಿಳಿಯಾಗಿದ್ದರೆ ಮೆದು ನೀರು. ನೊರೆ ಬರದೆ ನೀರೆಲ್ಲ ಹಾಲಿನ ಬಣ್ಣಕ್ಕೆ ತಿರುಗಿ ಮೇಲೆ ಕೆನೆ ಥರದ ಪದರ ಕಟ್ಟಿದರೆ ಗಡಸು.

ಗಡಸು ನೀರಿಗೆ ನಾನು ನಂಬಿರುವುದು ವಾಷಿಂಗ್ ಸೋಡಾ. ದಿನಸಿ ಅಂಗಡಿಯಲ್ಲಿ ಸಿಗುತ್ತದೆ, ದುಬಾರಿಯಲ್ಲ. ನೆನೆಹಾಕುವ ಬಕೆಟ್ಟಿಗೆ ಮೊದಲು ಒಂದು ದೊಡ್ಡ ಚಮಚ ಹಾಕಿ ಕರಗಿಸಿ, ಒಂದೆರಡು ನಿಮಿಷ ಬಿಟ್ಟು ಆಮೇಲೆ ಸೋಪಿನ ಪುಡಿ ಹಾಕಿದರೆ ಪುಡಿ ಪೂರ್ತಿ ಕೊಳೆಗೇ ಕೆಲಸ ಮಾಡುತ್ತದೆ. ಅಡುಗೆ ಸೋಡಾ ಬೇರೆ, ಇದು ಬೇರೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಚರ್ಮ ಒಣಗುತ್ತದೆ. ರೇಷ್ಮೆ, ಉಣ್ಣೆಗೆ ಮುಟ್ಟಿಸಲೇಬೇಡಿ.

ಈಗ ಅಮ್ಮನ ಸೆಮಿ ಆಟೋಮ್ಯಾಟಿಕ್. ಇದನ್ನು ಬಡವರ ಮಷೀನ್ ಅಂತ ಮೂಗು ಮುರಿಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಕೊಳೆ ಬಟ್ಟೆಗೆ ಇದರಷ್ಟು ನಮ್ಮ ಮಾತು ಕೇಳುವ ಮಷೀನ್ ಇನ್ನೊಂದಿಲ್ಲ. ನೀರು ಎಷ್ಟು, ಎಷ್ಟು ಹೊತ್ತು ತಿರುಗಬೇಕು, ಯಾವಾಗ ನಿಲ್ಲಬೇಕು, ಎಲ್ಲ ನಮ್ಮ ಕೈಯಲ್ಲೇ ಇದೆ. ತಳದಲ್ಲಿರುವ ಬಿಲ್ಲೆ ಒಂದು ಕಡೆ ತಿರುಗಿ, ನಿಂತು, ಇನ್ನೊಂದು ಕಡೆ ತಿರುಗುತ್ತದೆ. ನೀರು ಧಾರಾಳವಾಗಿರುವುದರಿಂದ ಮಣ್ಣು ಬೇಗ ಬಿಡುತ್ತದೆ. ಇದಕ್ಕೆ ಕಡಿಮೆ ಇರುವುದು ಎರಡು: ಬಿಸಿ ಮತ್ತು ಸಮಯ. ಹೆಚ್ಚಿನ ಮಷೀನ್‌ಗಳಲ್ಲಿ ಟೈಮರ್ ಹದಿನೈದು ನಿಮಿಷಕ್ಕೆ ಮುಗಿಯುತ್ತದೆ, ಗ್ರೀಸಿಗೆ ಅದು ಎಲ್ಲಿ ಸಾಕಾಗುತ್ತದೆ?

ಸಮಯ ಕೊಡುವುದು ಸುಲಭ. ಐದು ನಿಮಿಷ ತಿರುಗಿಸಿ ನಿಲ್ಲಿಸಿ. ಮುಕ್ಕಾಲು ಗಂಟೆ ಹಾಗೇ ಬಿಡಿ. ಮತ್ತೆ ಹತ್ತು ನಿಮಿಷ ತಿರುಗಿಸಿ. ಒಂದೇ ಸಮನೆ ಅರ್ಧ ಗಂಟೆ ತಿರುಗಿಸುವುದಕ್ಕಿಂತ ಇದರಲ್ಲಿ ಕೊಳೆ ಚೆನ್ನಾಗಿ ಹೋಗುತ್ತದೆ, ಬಟ್ಟೆಯೂ ಸವೆಯುವುದಿಲ್ಲ. ಬಿಸಿಗೆ ಅಮ್ಮನ ಮನೆಯ ಮೇಲೆ ಸೋಲಾರ್ ಇದೆ. ಮಧ್ಯಾಹ್ನದ ಹೊತ್ತಿಗೆ ಟ್ಯಾಂಕಿನಲ್ಲಿ ಬಿಸಿನೀರು ಸುಮ್ನೆ ಕೂತಿರುತ್ತದೆ, ಬೆಳಿಗ್ಗೆ ಎಲ್ಲರ ಸ್ನಾನ ಮುಗಿದಿರುತ್ತದೆ. ಆ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಅದರಲ್ಲೇ ಬಟ್ಟೆ ನೆನೆಹಾಕಿ, ಉಗುರು ಬೆಚ್ಚಗಾದ ಮೇಲೆ ನೀರಿನ ಸಮೇತ ಮಷೀನಿಗೆ ಹಾಕುವುದು ಅಮ್ಮನ ಪದ್ಧತಿ. ಕುದಿಯುವ ನೀರನ್ನು ನೇರ ತೊಟ್ಟಿಗೆ ಸುರಿಯಬೇಡಿ, ಪ್ಲಾಸ್ಟಿಕ್ಕು ಅದು. ಎಷ್ಟು ಬಿಸಿ ತಡೆಯುತ್ತದೆ ಅಂತ ಮಷೀನ್ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ.

ಇನ್ನೊಂದು ದೊಡ್ಡ ಲಾಭ, ಒಂದೇ ಸೋಪಿನ ನೀರನ್ನು ಎರಡು ಮೂರು ಸಲ ಬಳಸಬಹುದು. ಮೊದಲು ಬಿಳಿ ಬಟ್ಟೆ, ಆಮೇಲೆ ಬಣ್ಣದವು, ಕೊನೆಗೆ ಕಾಲೊರೆಸುವ ಬಟ್ಟೆ, ಗ್ಯಾರೇಜ್ ಬಟ್ಟೆ. ಈ ಸಾಲು ತಲೆಕೆಳಗಾಗಬಾರದು. 2024ರ ಬೇಸಿಗೆಯಲ್ಲಿ ನೀರಿಗೆ ಹಾಹಾಕಾರ ಎದ್ದಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದ ಆ ದಿನಗಳಲ್ಲಿ, ಅಮ್ಮ ಜಾಲಿಸಿದ ನೀರನ್ನೆಲ್ಲ ಬಕೆಟ್ಟಿಗೆ ಹಿಡಿದು ಟಾಯ್ಲೆಟ್ಟಿಗೆ, ಅಂಗಳ ತೊಳೆಯಲು ಇಟ್ಟುಕೊಳ್ಳುತ್ತಿದ್ದರು. ಪೂರ್ತಿ ಆಟೋಮ್ಯಾಟಿಕ್ ಇರುವ ನಮ್ಮಂಥವರ ಮನೆಯಲ್ಲಿ ಅಷ್ಟೂ ನೀರು ನೇರ ಪೈಪಿನಲ್ಲಿ ಹೋಗುತ್ತಿತ್ತು, ಪೈಪನ್ನು ಡ್ರಮ್ಮಿಗೆ ತಿರುಗಿಸಿಕೊಂಡ ಮೇಲೇ ಸ್ವಲ್ಪ ಸಮಾಧಾನವಾಗಿದ್ದು.

ಟಾಪ್ ಲೋಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕೆಲಸದ ರೀತಿ ಬಹುಮಟ್ಟಿಗೆ ಅದೇ. ಕೆಳಗೆ ಬಿಲ್ಲೆ, ಕೆಲವದರಲ್ಲಿ ನಡುವೆ ಕಂಬ. ಒಂದು ಸಲಕ್ಕೆ ನೂರು ಲೀಟರ್ ದಾಟಿ ನೀರು ಕುಡಿಯುತ್ತದೆ. ಇದರಲ್ಲಿ ನೋಡಿಕೊಳ್ಳಬೇಕಾದ ಒಂದು ವಿಷಯ ನೀರಿನ ಮಟ್ಟ. ಮಷೀನ್ ಬಟ್ಟೆಯ ಭಾರ ನೋಡಿ ತಾನೇ ನೀರು ಎಷ್ಟು ಬೇಕು ಅಂತ ತೀರ್ಮಾನ ಮಾಡುತ್ತದೆ. ಅದಕ್ಕೆ ಭಾರ ಗೊತ್ತಾಗುತ್ತದೆ, ಬಟ್ಟೆಯಲ್ಲಿ ಎಷ್ಟು ಮಣ್ಣಿದೆ ಅನ್ನುವುದು ಗೊತ್ತಾಗುವುದಿಲ್ಲ. ನಾಲ್ಕು ಜೆರ್ಸಿ, ನಾಲ್ಕು ಚಡ್ಡಿ ಹಾಕಿದರೆ ಕಡಿಮೆ ಭಾರ ಅಂತ ಸ್ವಲ್ಪ ನೀರು ತೆಗೆದುಕೊಂಡು, ಮಣ್ಣೆಲ್ಲ ಅದೇ ನೀರಿನಲ್ಲಿ ಸುತ್ತಿ ಮತ್ತೆ ಬಟ್ಟೆಗೇ ಕೂರುತ್ತದೆ. ಮಣ್ಣಿನ ಬಟ್ಟೆಗೆ ನೀರಿನ ಮಟ್ಟವನ್ನು ನಾವೇ ಒತ್ತಿ ಮೇಲಕ್ಕೆ ಇಡಬೇಕು. ಸೋಕ್ ಅನ್ನುವ ಬಟನ್ ಇದ್ದರೆ ಅದನ್ನು ಧೈರ್ಯವಾಗಿ ಬಳಸಿ. ಬಿಸಿ ಇದಕ್ಕೂ ಇಲ್ಲ, ಹೀಟರ್ ಇರುವ ಮಾಡೆಲ್ ಬಿಟ್ಟರೆ. ಡಿಸೆಂಬರ್, ಜನವರಿಯಲ್ಲಿ ನಮ್ಮ ತಾರಸಿ ಟ್ಯಾಂಕಿನ ನೀರು ಬೆಳಿಗ್ಗೆ ಮುಟ್ಟಿದರೆ ಕೈ ಕೊರೆಯುತ್ತದೆ. ಆ ನೀರಿನಲ್ಲಿ ಪುಡಿಯೇ ಸರಿಯಾಗಿ ಕರಗುವುದಿಲ್ಲ, ಕಪ್ಪು ಪ್ಯಾಂಟಿನ ಮೇಲೆ ಬಿಳಿ ಗೆರೆ ಬೀಳುತ್ತದೆ. ಒಂದು ಮಗ್ ಬಿಸಿನೀರಿನಲ್ಲಿ ಪುಡಿ ಕರಗಿಸಿ ಹಾಕಿದರೆ ಆ ತೊಂದರೆ ಇಲ್ಲ.

ಫ್ರಂಟ್ ಲೋಡಿನದು ಬೇರೆಯೇ ಲೋಕ. ಇಲ್ಲಿ ನೀರು ತೀರಾ ಕಡಿಮೆ, ಒಗೆದು ಜಾಲಿಸುವಷ್ಟರಲ್ಲಿ ಒಟ್ಟು ಸುಮಾರು 50ರಿಂದ 70 ಲೀಟರ್. ಡ್ರಮ್ಮು ಮಲಗಿಕೊಂಡು ತಿರುಗುತ್ತದೆ. ಬಟ್ಟೆ ಮೇಲಕ್ಕೆ ಹೋಗಿ ಧೊಪ್ಪನೆ ಕೆಳಗೆ ಬೀಳಬೇಕು, ಆ ಬೀಳುವುದೇ ಅದರ ತಿಕ್ಕಾಟ. ಇದೊಂದು ತಿಳಿದರೆ ಫ್ರಂಟ್ ಲೋಡಿನ ಬಹಳ ದೂರುಗಳಿಗೆ ಉತ್ತರ ಸಿಗುತ್ತದೆ. ಡ್ರಮ್ ತುಂಬಾ ತುರುಕಿದರೆ ಬೀಳಲು ಜಾಗವಿಲ್ಲ. ಬಟ್ಟೆಯ ಮೇಲೆ ಅಂಗೈ ನಿಲ್ಲಿಸುವಷ್ಟು ಜಾಗ ಬಿಡಬೇಕು. ಪುಡಿ ಜಾಸ್ತಿ ಹಾಕಿದರೆ ನೊರೆ ಎದ್ದು ಬಟ್ಟೆಗೆ ಮೆತ್ತೆ ಹಾಸಿದ ಹಾಗಾಗುತ್ತದೆ, ಬಿದ್ದರೂ ಪೆಟ್ಟು ಬೀಳುವುದಿಲ್ಲ. ಅದಕ್ಕೇ ಫ್ರಂಟ್ ಲೋಡ್ ಅಂತ ಬರೆದ, ನೊರೆ ಕಡಿಮೆ ಬರುವ ಪುಡಿ ಬೇಕು. ಕೈಯಲ್ಲಿ ಒಗೆಯುವ ಪುಡಿಯನ್ನು ಇದಕ್ಕೆ ಹಾಕಿದರೆ ಬಟ್ಟೆಯೂ ಶುಚಿಯಾಗುವುದಿಲ್ಲ, ಮಷೀನೂ ಉಳಿಯುವುದಿಲ್ಲ.

ಇದರ ದೊಡ್ಡ ಬಲ ಒಳಗಿರುವ ಹೀಟರ್. ಅಕ್ಕನ ಏಪ್ರನ್‌ಗಳಿಗೆ ಕಾಟನ್, 60 ಡಿಗ್ರಿ. ಎಣ್ಣೆ ಕರಗಿ ಬರುವುದು ಆ ಬಿಸಿಗೇ. ಕರೆಂಟ್ ಬಿಲ್ ಬಗ್ಗೆ ಎಲ್ಲರಿಗೂ ಭಯ, ಆದರೆ ಲೆಕ್ಕ ಹಾಕಿ ನೋಡಿ. ಒಗೆಯುವ ಹಂತದಲ್ಲಿ ಒಳಗಿರುವುದು ಹದಿನೈದು ಲೀಟರ್ ನೀರು ಅಂತಿಟ್ಟುಕೊಂಡರೆ, ಅದನ್ನು 25 ಡಿಗ್ರಿಯಿಂದ 60ಕ್ಕೆ ಕಾಯಿಸಲು ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಕರೆಂಟ್ ಬೇಕು. ಬಟ್ಟೆ, ಡ್ರಮ್ಮು ಕಾಯುವುದು, ಮೋಟಾರು ಎಲ್ಲ ಸೇರಿಸಿದರೂ ಒಂದು ಯೂನಿಟ್ಟಿನ ಆಸುಪಾಸು. ವಾರಕ್ಕೊಮ್ಮೆ ಕೊಳೆ ಬಟ್ಟೆಗೆ ಅಷ್ಟು ಖರ್ಚು ಮಾಡುವುದು ತಪ್ಪಲ್ಲ. ಎರಡು ಎರಡೂವರೆ ಗಂಟೆ ಹಿಡಿಯುತ್ತದೆ, ಹಿಡಿಯಲಿ. ಅದು ತಿರುಗುವುದಕ್ಕೆ ನಾವು ಪಕ್ಕದಲ್ಲಿ ನಿಂತಿರಬೇಕಾಗಿಲ್ಲ. ಹದಿನೈದು ನಿಮಿಷದ ಕ್ವಿಕ್ ವಾಷ್ ಬೆವರಿನ ಟೀ ಶರ್ಟಿಗೆ ಸರಿ, ಏಪ್ರನ್ನಿಗಲ್ಲ. ಜೆರ್ಸಿಗಳನ್ನು ಮಾತ್ರ 60ಕ್ಕೆ ಹಾಕಬೇಡಿ. ಪಾಲಿಯೆಸ್ಟರ್ ಬಟ್ಟೆಯ ಮೇಲೆ ಅಂಟಿಸಿದ ನಂಬರು, ಹೆಸರು ಬಿರಿದು ಏಳುತ್ತವೆ. 40 ಸಾಕು, ಅದಕ್ಕೂ ಮೊದಲು ಲೇಬಲ್ ನೋಡಿ.

ಫ್ರಂಟ್ ಲೋಡಿಗೆ ಕಡಿಮೆ ಇರುವುದು ನೀರು. ಹಾಗಾಗಿ ಮಣ್ಣಿನ ಬಟ್ಟೆಯನ್ನು ನೇರ ಹಾಕಬಾರದು. ಹತ್ತು ಹದಿನೈದು ಲೀಟರ್ ನೀರು ಒಂದು ಚಡ್ಡಿಯ ಮಣ್ಣಿಗೇ ಕೆಂಪಾಗಿಬಿಡುತ್ತದೆ, ಉಳಿದ ಬಟ್ಟೆಯೂ ಆ ಬಣ್ಣದಲ್ಲೇ ನೆನೆಯುತ್ತದೆ. ಪ್ರೀ ವಾಷ್ ಒತ್ತಿದರೆ ಮೊದಲು ಒಂದು ಸಲ ಒಗೆದು, ಆ ನೀರು ಚೆಲ್ಲಿ, ಹೊಸ ನೀರು ತೆಗೆದುಕೊಳ್ಳುತ್ತದೆ. ಡಬ್ಬಿಯಲ್ಲಿ ಒಂದು ಅಂತ ಗುರುತಿರುವ ಮನೆಗೆ ಸ್ವಲ್ಪ ಪುಡಿ, ಎರಡು ಅಂತಿರುವ ಮನೆಗೆ ಉಳಿದ ಪುಡಿ. ಪ್ರೀ ವಾಷ್ ಇಟ್ಟಾಗ ಎರಡನೇ ಮನೆಗೆ ಲಿಕ್ವಿಡ್ ಹಾಕಿದರೆ ಅದು ಕಾಯುತ್ತಾ ಕೂರುವುದಿಲ್ಲ, ಮೊದಲ ನೀರಿನ ಹೊತ್ತಿಗೇ ಹರಿದು ಚರಂಡಿ ಸೇರಿರುತ್ತದೆ. ಅದಕ್ಕೆ ಆವತ್ತು ಪುಡಿಯೇ ಸರಿ.

ನೀರಿನ ಒತ್ತಡದ್ದು ಇನ್ನೊಂದು ರಗಳೆ. ತಾರಸಿಯ ಟ್ಯಾಂಕಿನಿಂದ ಕೆಳಗೆ ಒಂದು ಮೀಟರ್ ಇಳಿದರೆ ಸಿಗುವುದು 0.1 ಬಾರ್ ಒತ್ತಡ. ಟ್ಯಾಂಕಿನ ಕೆಳಗೇ ಇರುವ ಮೇಲಿನ ಮನೆಯಲ್ಲಿ ಎರಡು ಮೂರು ಮೀಟರ್ ಎತ್ತರವೂ ಸಿಗುವುದಿಲ್ಲ. ಮಷೀನ್ ನೀರಿಗಾಗಿ ಕಾದು ಕಾದು ಎರರ್ ತೋರಿಸಿ ನಿಲ್ಲುತ್ತದೆ. ಮಷೀನ್ ಕೆಟ್ಟಿದೆ ಅಂತ ಮೆಕ್ಯಾನಿಕ್ ಕರೆಸುವ ಮೊದಲು ನಲ್ಲಿ ಪೂರ್ತಿ ತಿರುಗಿಸಿದೆಯಾ, ಪೈಪಿನ ಬಾಯಲ್ಲಿರುವ ಚಿಕ್ಕ ಜಾಲರಿಯಲ್ಲಿ ಬೋರ್‌ವೆಲ್ ಮರಳು ಕೂತಿದೆಯಾ ನೋಡಿ. ಬಹಳ ಸಲ ಅಷ್ಟೇ ಆಗಿರುತ್ತದೆ. ಅದೂ ಅಲ್ಲದಿದ್ದರೆ ಚಿಕ್ಕ ಪ್ರೆಷರ್ ಪಂಪ್ ಹಾಕಿಸಬೇಕು.

ಈಗ ಬಕೆಟ್ಟಿನ ಕೆಲಸ. ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯವೇ ಇದು.

ಗ್ಯಾರೇಜ್ ಬಟ್ಟೆ ಮೊದಲು. ಹಳೆಯ ಎಂಜಿನ್ ಆಯಿಲ್ಲಿನಲ್ಲಿ ಎಣ್ಣೆ ಒಂದೇ ಅಲ್ಲ, ಕಪ್ಪು ಮಸಿಯೂ ಇರುತ್ತದೆ. ಎಣ್ಣೆ ಹೋದರೂ ಮಸಿ ನೂಲಿನೊಳಗೆ ಉಳಿಯುತ್ತದೆ. ಎಲ್ಲರೂ ಮಾಡುವುದು ಬಟ್ಟೆಯನ್ನು ಮೊದಲು ನೀರಿನಲ್ಲಿ ಅದ್ದುವುದು. ಹಾಗೆ ಮಾಡಿದರೆ ನೂಲಿನ ಸುತ್ತ ನೀರು ಕೂತು ಸೋಪು ಗ್ರೀಸಿನ ತನಕ ಹೋಗುವುದೇ ಇಲ್ಲ. ಬಟ್ಟೆ ಒಣಗಿರುವಾಗಲೇ ಮೇಲಿನ ಗಟ್ಟಿ ಗ್ರೀಸನ್ನು ಹಳೆ ಚಮಚದಿಂದ ಕೆರೆದು ತೆಗೆಯಬೇಕು. ಹಳೆ ಪೇಪರ್ ಇಟ್ಟು ಒತ್ತಿ ಎಣ್ಣೆ ಹೀರಿಸಬೇಕು. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ನೀರು ಬೆರೆಸದೆ ನೇರ ಕಲೆಯ ಮೇಲೆ ಹಾಕಿ, ಬ್ರಷ್ಷಿನಿಂದ ಎರಡೂ ಕಡೆ ಉಜ್ಜಿ, ಅರ್ಧ ಗಂಟೆ ಬಿಡಬೇಕು. ಅದಾದ ಮೇಲೆ ಬಿಸಿನೀರು, ವಾಷಿಂಗ್ ಸೋಡಾ, ಪುಡಿ. ಒಂದೆರಡು ಗಂಟೆ. ಆ ಕಪ್ಪು ನೀರು ಚೆಲ್ಲಿ, ಒಮ್ಮೆ ಜಾಲಿಸಿ, ಆಮೇಲೆ ಮಷೀನಿಗೆ. ಫ್ರಂಟ್ ಲೋಡಿಗೆ ಹಾಕುವುದಾದರೆ ಪಾತ್ರೆ ಲಿಕ್ವಿಡ್ಡಿನ ನೊರೆ ಪೂರ್ತಿ ಹೋಗುವ ತನಕ ಜಾಲಿಸಿರಬೇಕು.

ಒಂದು ಮಾತು ಬಹಳ ಗಂಭೀರವಾಗಿ ಹೇಳುತ್ತೇನೆ. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಬಿದ್ದ ಬಟ್ಟೆಯನ್ನು ಯಾವ ಮಷೀನಿಗೂ ಹಾಕಬೇಡಿ. ಮುಚ್ಚಿದ ಡ್ರಮ್ಮಿನಲ್ಲಿ ಅದರ ಆವಿ ತುಂಬಿಕೊಂಡರೆ ಒಂದು ಕಿಡಿ ಸಾಕು. ಹೊರಗೆ ಗಾಳಿಗೆ, ಸ್ಟೌವಿನಿಂದ ದೂರ, ವಾಸನೆ ಪೂರ್ತಿ ಹೋಗುವ ತನಕ ನೇತುಹಾಕಿ, ಆಮೇಲೂ ಮೊದಲು ಕೈಯಲ್ಲೇ ಒಗೆಯಿರಿ. ಎಣ್ಣೆ ಉಳಿದ ಬಟ್ಟೆಯನ್ನು ಡ್ರೈಯರ್‌ಗೆ ಹಾಕುವುದೂ ಅಪಾಯ, ಬಿಸಿಯಲ್ಲಿ ಮುದ್ದೆಯಾಗಿ ಕೂತ ಎಣ್ಣೆ ಬಟ್ಟೆ ತಾನೇ ಹೊತ್ತಿಕೊಳ್ಳಬಹುದು. ಗ್ರೀಸ್ ಬಿಡಿಸಲು ಪೆಟ್ರೋಲಿನಲ್ಲೇ ಅದ್ದುವ ಅಭ್ಯಾಸ ಗ್ಯಾರೇಜುಗಳಲ್ಲಿದೆ. ದಯವಿಟ್ಟು ಬೇಡ. ನಮ್ಮ ಯಜಮಾನರಿಗೂ, ಅವರ ಹುಡುಗರಿಗೂ ಇದನ್ನೇ ಹೇಳುತ್ತಿರುತ್ತೇನೆ.

ಕೆಮ್ಮಣ್ಣಿಗೆ ನಿಯಮ ಪೂರ್ತಿ ಬೇರೆ. ಹಸಿ ಇರುವಾಗ ಉಜ್ಜಬಾರದು, ಉಜ್ಜಿದಷ್ಟೂ ಒಳಗೆ ಹೋಗುತ್ತದೆ. ಒಣಗಲು ಬಿಡಿ. ಒಣಗಿದ ಮೇಲೆ ಕೊಡವಿ, ಬ್ರಷ್ಷಿನಿಂದ ಉದುರಿಸಿ. ನಂತರ ಸೋಪಿಲ್ಲದ ಬರೀ ನೀರಿನಲ್ಲಿ, ನೀರು ಕೆಂಪಾಗುವುದು ನಿಲ್ಲುವ ತನಕ ಜಾಲಿಸಿ. ಸೋಪಿಲ್ಲದ ಆ ನೀರು ಗಿಡಗಳಿಗೆ ಹಾಕಬಹುದು. ಆಮೇಲೆ ಪುಡಿಯಲ್ಲಿ ನೆನೆಹಾಕಿ ಮಷೀನ್. ನಮ್ಮ ಈ ಮಣ್ಣಿನ ಕೆಂಪು ಕಬ್ಬಿಣದ ತುಕ್ಕಿನ ಕೆಂಪು, ಕ್ಲೋರಿನ್ ಬ್ಲೀಚಿಗೆ ಅದು ಬಗ್ಗುವುದಿಲ್ಲ, ಕಲೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಬಿಳಿ ಸಾಕ್ಸಿನಲ್ಲಿ ಉಳಿದ ಕೆಂಪಿಗೆ ನಿಂಬೆ ಉಪ್ಪು ಅಂತ ಸಿಗುವ ಸಿಟ್ರಿಕ್ ಆಸಿಡ್ ಕೆಲಸಕ್ಕೆ ಬರುತ್ತದೆ. ಒಂದು ಚಮಚ ಬೆಚ್ಚಗಿನ ನೀರಿನಲ್ಲಿ ಕರಗಿಸಿ ಅರ್ಧ ಗಂಟೆ ಅದ್ದಿಟ್ಟು ಚೆನ್ನಾಗಿ ಜಾಲಿಸಿ. ಇದನ್ನು ಬ್ಲೀಚಿನ ಜೊತೆ ಎಂದೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಮೊಣಕಾಲು ತರಚಿ ರಕ್ತ ಆಗಿದ್ದರೆ ಮೊದಲು ತಣ್ಣೀರು. ಬಿಸಿನೀರು ಹಾಕಿದರೆ ರಕ್ತ ಬೆಂದು ನೂಲಿಗೇ ಕಚ್ಚಿಕೊಳ್ಳುತ್ತದೆ.

ಅರಿಶಿನದ ಕಲೆಗೆ ಸೋಪು ಹಾಕಿದ ಕೂಡಲೇ ಕೆಂಪಾಗುತ್ತದೆ. ಅಕ್ಕನ ಮನೆಗೆ ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿ ಗಾಬರಿಯಾಗಿ, 'ಅಕ್ಕಾ, ಬಣ್ಣ ಬಿಡ್ತಾ ಇದೆ' ಅಂದಿದ್ದಳು. ಕ್ಷಾರ ತಗುಲಿದರೆ ಅರಿಶಿನ ಕೆಂಪಾಗುವುದು ಅದರ ಗುಣ, ಕುಂಕುಮ ಮಾಡುವುದೂ ಅರಿಶಿನಕ್ಕೆ ಕ್ಷಾರ ಸೇರಿಸಿಯೇ ಅಲ್ವಾ. ಮೊದಲು ಪಾತ್ರೆ ಲಿಕ್ವಿಡ್ಡಿನಿಂದ ಎಣ್ಣೆ ತೆಗೆಯಿರಿ, ಅರಿಶಿನ ಎಣ್ಣೆಯ ಜೊತೆಗೇ ಒಳಗೆ ಹೋಗಿರುತ್ತದೆ. ನಂತರ 60 ಡಿಗ್ರಿಯಲ್ಲಿ ಒಗೆದು, ಉಳಿದ ಹಳದಿಯನ್ನು ಬಿಸಿಲಿಗೆ ಬಿಡಿ. ಒದ್ದೆ ಇರುವಾಗಲೇ, ಕಲೆ ಮೇಲೆ ಬರುವಂತೆ, ನೇರ ಬಿಸಿಲಿನಲ್ಲಿ. ಅರಿಶಿನದ ಬಣ್ಣ ಬೆಳಕಿಗೆ ತಡೆಯುವುದಿಲ್ಲ. ಅಪಾರ್ಟ್‌ಮೆಂಟಿನ ಯುಟಿಲಿಟಿಯಲ್ಲಿ ಬಿಸಿಲೇ ಬೀಳುವುದಿಲ್ಲ, ತಾರಸಿಗೆ ಒಯ್ಯಲು ಬಿಡದ ಅಸೋಸಿಯೇಷನ್‌ಗಳೂ ಇವೆ. ಬಟ್ಟೆಗೆ ಬಿಸಿಲು ಸಿಗದಂಥ ಮನೆ ಕಟ್ಟುವುದು ನನಗೆ ನಿಜಕ್ಕೂ ಅರ್ಥವಾಗದ ವಿಷಯ.

ಕಾಲರಿನ ಕಪ್ಪಿಗೆ ಬೆವರು ಮತ್ತು ಮೈ ಜಿಡ್ಡು ಕಾರಣ. ಎನ್ಜೈಮ್ ಇರುವ ಲಿಕ್ವಿಡ್ ಹಚ್ಚಿ, ಬೆಚ್ಚಗಿನ ನೀರಿನಲ್ಲಿ ಬಿಡಿ. ಎನ್ಜೈಮ್‌ಗೆ ಹದವಾದ ಬಿಸಿ ಇಷ್ಟ, ಕುದಿಯುವ ನೀರಿನಲ್ಲಿ ಅದು ಕೆಲಸ ನಿಲ್ಲಿಸುತ್ತದೆ. ಸಿಮೆಂಟ್ ಕೆಲಸದವರ ಬಟ್ಟೆಯನ್ನು ಮಾತ್ರ ನೀರು ಮುಟ್ಟಿಸುವ ಮೊದಲೇ ಪೂರ್ತಿ ಕೊಡವಬೇಕು. ರೇಷ್ಮೆಗೆ ಏನಾದರೂ ಆಗಿದ್ದರೆ ಮಷೀನ್ ಮರೆತುಬಿಡಿ, ಅಂಟುವಾಳದ ನೀರು ಅಥವಾ ಡ್ರೈ ಕ್ಲೀನಿಂಗ್.

ಕೊಳೆ ಬಟ್ಟೆ ಒಗೆದ ಮಷೀನನ್ನೂ ತೊಳೆಯಬೇಕು. ಫ್ರಂಟ್ ಲೋಡಿನ ಬಾಗಿಲ ಸುತ್ತ ಇರುವ ರಬ್ಬರಿನ ಮಡಿಕೆಯಲ್ಲಿ ಬೆರಳು ಹಾಕಿದರೆ ಮರಳು, ನೂಲು, ನಾಣ್ಯ ಎಲ್ಲ ಸಿಗುತ್ತವೆ. ಬಟ್ಟೆಯಿಂದ ಒರೆಸಿ, ಬಾಗಿಲು ಸ್ವಲ್ಪ ತೆರೆದೇ ಇಡಿ. ಕೆಳಗಿನ ಮೂಲೆಯಲ್ಲಿ ಪಂಪಿನ ಫಿಲ್ಟರ್ ಇರುತ್ತದೆ, ತಟ್ಟೆ ಇಟ್ಟು ತಿರುಗಿಸಿ ತೊಳೆಯಬೇಕು. ಟಾಪ್ ಲೋಡ್, ಸೆಮಿ ಆಟೋಮ್ಯಾಟಿಕ್‌ಗಳಲ್ಲಿ ನೂಲು ಹಿಡಿಯುವ ಜಾಲರಿ ಚೀಲ ಖಾಲಿ ಮಾಡಿ. ಗ್ರೀಸ್ ಬಟ್ಟೆ ಆದ ಮೇಲೆ ಬಟ್ಟೆಯಿಲ್ಲದೆ ಒಂದು ಸಲ ಬಿಸಿನೀರಿನಲ್ಲಿ ಓಡಿಸಿ. ಇಲ್ಲವಾದರೆ ಮಾರನೇ ದಿನದ ಸ್ಕೂಲ್ ಶರ್ಟಿನ ಮೇಲೆ ಆ ಕಪ್ಪು ಬರುತ್ತದೆ.

ಇಷ್ಟೆಲ್ಲ ಆದ ಮೇಲೆ ಯಾವುದು ಕೊಳ್ಳಬೇಕು ಅಂತ ಕೇಳಿದರೆ, ನನ್ನ ಉತ್ತರ ಮನೆಯ ಕೊಳೆ ನೋಡಿ ಬದಲಾಗುತ್ತದೆ. ಎಣ್ಣೆ, ಅರಿಶಿನ, ಆಸ್ಪತ್ರೆ ಬಟ್ಟೆ, ಮಕ್ಕಳ ಬಟ್ಟೆ ಜಾಸ್ತಿ ಇದ್ದರೆ ಹೀಟರ್ ಇರುವ ಫ್ರಂಟ್ ಲೋಡ್. ಮಣ್ಣು ಜಾಸ್ತಿ, ನೀರಿಗೆ ಅಷ್ಟು ತೊಂದರೆ ಇಲ್ಲ ಅಂದರೆ ಟಾಪ್ ಲೋಡ್, ಸಾಧ್ಯವಾದರೆ ಬಿಸಿನೀರಿನ ಪೈಪ್ ಕೊಡಲು ಎರಡನೇ ಬಾಯಿ ಇರುವಂಥದ್ದು, ಸೋಲಾರ್‌ಗೆ ಜೋಡಿಸಬಹುದು. ಗ್ಯಾರೇಜ್, ಕಟ್ಟಡದ ಕೆಲಸ, ಹೊಲದ ಕೆಲಸ ಇರುವ ಮನೆಗೆ, ಒಗೆಯಲು ಪಕ್ಕದಲ್ಲಿ ನಿಲ್ಲುವವರು ಯಾರಾದರೂ ಇದ್ದರೆ, ನಾನು ಸೆಮಿ ಆಟೋಮ್ಯಾಟಿಕ್ಕೇ ಹೇಳುತ್ತೇನೆ. ಅಂಗಡಿಗೆ ಹೋದಾಗ ಎಷ್ಟು ಕೆಜಿ, ಯಾವ ಬಣ್ಣ ಅಂತ ಕೇಳುವ ಮೊದಲು ಹೀಟರ್ ಇದೆಯಾ, ನೀರಿನ ಮಟ್ಟ ನಾವೇ ಬದಲಾಯಿಸಬಹುದಾ, ಸೋಕ್ ಮತ್ತು ಪ್ರೀ ವಾಷ್ ಇದೆಯಾ, ಕಡಿಮೆ ಅಂದರೆ ಎಷ್ಟು ಒತ್ತಡದ ನೀರು ಬೇಕು, ಇವನ್ನು ಕೇಳಿ. ಅಂಗಡಿ ಹುಡುಗ ಗೊತ್ತಿಲ್ಲ ಅಂದರೆ ಮಷೀನಿನ ಪುಸ್ತಕ ತರಿಸಿ ಅಲ್ಲೇ ತೆಗೆದು ನೋಡಿ.